ಪಿಯಾನೋ ಬೆನ್ನ ಹಿಂದೆ ಒಂದು ಮೈಕ್

ಅಪ್‌ರೈಟ್ ಪಿಯಾನೋ ಗೋಡೆಗೆ ಬೆನ್ನು ಕೊಟ್ಟು ನಿಂತಿರುತ್ತದೆ. ಅದರ ದನಿ ಹೊರಡುವುದೂ ಬಹುಪಾಲು ಆ ಬೆನ್ನಿನಿಂದಲೇ. ತಂತಿಯ ನಡುಕವನ್ನು ದೊಡ್ಡ ದನಿ ಮಾಡುವ ಸೌಂಡ್‌ಬೋರ್ಡ್ ಹಲಗೆ ಇರುವುದು ಅಲ್ಲಿ. ಹಾಗಾಗಿ ಬೆಂಗಳೂರಿನ ಗೆಳೆಯನೊಬ್ಬ ತನ್ನ ಮನೆಯ ಪಿಯಾನೋ ರೆಕಾರ್ಡ್ ಮಾಡಿಕೊಡು ಎಂದಾಗ ಮೊದಲು ಕೇಳಿದೆ, "ಎಳೆಯೋಕೆ ಜನ ಇದ್ದಾರಾ?"

200 ಕಿಲೋಗೂ ಜಾಸ್ತಿ ತೂಗುವ ಸಾಮಾನು ಅದು. ಮನೆಯದು ಹಳೇ ರೆಡ್ ಆಕ್ಸೈಡ್ ನೆಲ. ಗೀರು ಬಿದ್ದರೆ ಅವರಮ್ಮ ಸುಮ್ನೆ ಬಿಡ್ತಾರಾ? ಜಮಖಾನದ ಮೇಲೆ ಹತ್ತಿಸಿ, ಮೆಲ್ಲಗೆ ಜಾರಿಸಿ, ಗೋಡೆಯಿಂದ ಒಂದು ಮೀಟರ್‌ನಷ್ಟು ಈಚೆಗೆ ಓರೆಯಾಗಿ ನಿಲ್ಲಿಸಿದೆವು. ಗೋಡೆಗೆ ರಜಾಯಿ ನೇತುಹಾಕಿದೆವು. ಟ್ಯೂನ್ ಮಾಡುವವರು ಹಿಂದಿನ ದಿನವೇ ಬಂದು ಹೋಗಿದ್ದರು. ಶ್ರುತಿ ಸರಿ ಇಲ್ಲದ ಪಿಯಾನೋಗೆ ಎಂಥಾ ಮೈಕ್ ಇಟ್ಟರೂ ದಂಡ.

ಮೈಕ್ ಇಡುವ ಮೊದಲು 88 ಕೀಗಳನ್ನೂ ಒಂದೊಂದಾಗಿ ನುಡಿಸಲು ಹೇಳಿದೆ. ಮಂದ್ರದ ಒಂದು ಸ್ವರಕ್ಕೆ ಮಾತ್ರ ಎಲ್ಲೋ 'ಜಿರ್ರ್' ಅನ್ನುತ್ತಿತ್ತು. ಪಿಯಾನೋ ಒಳಗೆಲ್ಲ ತಡಕಿದೆವು, ಏನೂ ಸಿಗಲಿಲ್ಲ. ಗೆಳೆಯ ಅದೇ ಕೀ ಒತ್ತುತ್ತಾ ಕೂತ. ನಾನು ಕೋಣೆಯ ಒಂದೊಂದೇ ಸಾಮಾನಿನ ಮೇಲೆ ಕೈಯಿಡುತ್ತಾ ಬಂದೆ. ಶೋಕೇಸಿನ ಗಾಜು ಮುಟ್ಟಿದ ಕೂಡಲೇ ಸದ್ದು ನಿಂತಿತು. ಸಂದಿಗೆ ಕಾಗದ ಮಡಚಿ ಸಿಕ್ಕಿಸಿದೆವು. ಫ್ಯಾನ್ ಬಂದ್. ಫ್ರಿಜ್ಜೂ ಬಂದ್.

ಗೆಳೆಯನಿಗೆ ಮೈಕ್‌ಗಳು ಪಿಯಾನೋ ನೆತ್ತಿಯ ಮೇಲೇ ಬೇಕು. ವಿಡಿಯೋಗಳಲ್ಲಿ ಹಾಗೇ ನೋಡಿದ್ದಾನೆ. ಆಯ್ತು ಅಂತ ಮೇಲಿನ ಮುಚ್ಚಳ ತೆಗೆದು ಎರಡು ಕಂಡೆನ್ಸರ್ ಮೈಕ್‌ಗಳನ್ನು ದೂರ ದೂರ ಇಟ್ಟೆ. ಹೆಡ್‌ಫೋನಿನಲ್ಲಿ ಕೇಳಿ ಅವನಿಗೆ ಖುಷಿಯೋ ಖುಷಿ. ಮಂದ್ರ ಎಡಗಿವಿಗೆ, ತಾರ ಬಲಗಿವಿಗೆ. ಎರಡೂ ಮೈಕ್‌ಗಳ ದನಿಯನ್ನು ಕೂಡಿಸಿ ಒಂದೇ ಮಾಡುವ ಮೋನೋ ಗುಂಡಿ ಒತ್ತಿದೆ. ನಡುವಿನ ಒಂದಷ್ಟು ಸ್ವರಗಳು ಸೊರಗಿಹೋದವು. ಅವನ ಮುಖವೂ.

ಕಾರಣ ಇಷ್ಟೆ. ಶಬ್ದ 34 ಸೆಂಟಿಮೀಟರ್ ಸಾಗಲು ಸುಮಾರು ಒಂದು ಮಿಲಿಸೆಕೆಂಡ್ ಬೇಕು. ಒಂದು ಮೈಕ್‌ಗೆ ಅಷ್ಟು ತಡವಾಗಿ ತಲುಪಿದರೆ, 500 ಹರ್ಟ್ಸ್ ಆಸುಪಾಸಿನ ಅಲೆ ಒಂದರಲ್ಲಿ ಏರುವಾಗ ಇನ್ನೊಂದರಲ್ಲಿ ಇಳಿಯುತ್ತಿರುತ್ತದೆ. ಎರಡನ್ನೂ ಕೂಡಿಸಿದರೆ ಕಳೆದುಹೋಗುತ್ತದೆ. ಒಂದೇ ಸ್ಪೀಕರಿನ ಫೋನಲ್ಲಿ ಹಾಡು ಕೇಳುವವರೂ ಇರ್ತಾರಲ್ವಾ, ಅವರಿಗೆ ಕೇಳುವುದು ಈ ಸೊರಗಿದ ಪಿಯಾನೋನೇ. ಅಷ್ಟು ಹತ್ತಿರ ಇಟ್ಟರೆ ತಂತಿ ಬಡಿಯುವ ಸುತ್ತಿಗೆಗಳ ಟಕ್ ಟಕ್ ಬೇರೆ.

ಮೈಕ್‌ಗಳನ್ನು ನುಡಿಸುವವನ ತಲೆಯ ಹಿಂದೆ, ಸ್ವಲ್ಪ ಮೇಲಕ್ಕೆ ತಂದೆ. ಈ ಸಲ ಓಆರ್‌ಟಿಎಫ್ ಜೋಡಣೆ: ಎರಡು ಮೈಕ್‌ಗಳ ನಡುವೆ 17 ಸೆಂಟಿಮೀಟರ್, ಕೋನ 110 ಡಿಗ್ರಿ. ಫ್ರಾನ್ಸ್‌ನ ಸರ್ಕಾರಿ ರೇಡಿಯೋದವರು ರೂಢಿಗೆ ತಂದದ್ದು. ಆ 17 ಸೆಂಟಿಮೀಟರ್ ಹೆಚ್ಚುಕಮ್ಮಿ ನಮ್ಮ ಎರಡು ಕಿವಿಗಳ ಅಂತರವೇ. ಅಳೆಯಲು ಗೆಳೆಯನ ಮಗಳ ಕಂಪಾಸ್ ಬಾಕ್ಸ್ ಬಂತು. ಅವಳೇ ಕುರ್ಚಿ ಹತ್ತಿ ಕೋನಮಾಪಕ ಹಿಡಿದು, "ಅಂಕಲ್, ಇನ್ನೂ ಐದು ಡಿಗ್ರಿ" ಅಂತ ತಿದ್ದಿದಳು. ಎಡ-ಬಲ ಹರಡಿದಂತೆ ಕೇಳುವ ಅಗಲ ಸ್ವಲ್ಪ ಕಮ್ಮಿಯಾಯಿತು. ಆದರೆ ಮೋನೋದಲ್ಲೂ ಪಿಯಾನೋ ಗಟ್ಟಿಯಾಗಿ ನಿಂತಿತು.

ಈ ಪಿಯಾನೋ ರೆಕಾರ್ಡಿಂಗ್ ಮೇಲೆ ಭಾವಗೀತೆ ಹಾಡುವವರಿದ್ದರು. ಪಿಯಾನೋ ತೀರಾ ಮಿನುಗಿದರೆ ಹಾಡಿನ ಮಾತು ಮುಚ್ಚಿಹೋಗುತ್ತದೆ. ಅದಕ್ಕೇ ಮೂರನೇ ಮೈಕನ್ನು ಬೆನ್ನ ಹಿಂದೆ, ಸೌಂಡ್‌ಬೋರ್ಡಿನಿಂದ ಗೇಣು ದೂರದಲ್ಲಿ ಇಟ್ಟೆ. ಅಲ್ಲಿಯ ದನಿ ಮೆತ್ತಗೆ, ತುಸು ಮಂಕು. ಒಂದೇ ಕೇಳಿದರೆ ಯಾರಿಗೂ ಹಿಡಿಸುವುದಿಲ್ಲ. ಮುಂದಿನ ಜೋಡಿಗೆ ಸೇರಿಸಿದರೆ ಅಡಿಪಾಯ ಕೊಡಬೇಕು. ಕೊಡಲಿಲ್ಲ, ಇದ್ದ ಮಂದ್ರವೂ ತೆಳುವಾಯಿತು. ಹಲಗೆ ಹಿಂದಕ್ಕೆ ಬಾಗಿದಾಗ ಹಿಂದಿನ ಮೈಕ್‌ಗೆ ಅದು ಹತ್ತಿರ ಬಂದಂತೆ, ಮುಂದಿನವಕ್ಕೆ ದೂರ ಹೋದಂತೆ. ಹಿಂದಿನ ಮೈಕ್‌ನ ಅಲೆಯ ಏರಿಳಿತವನ್ನು ತಲೆಕೆಳಗು ಮಾಡುವ ಫೇಸ್ ಗುಂಡಿ ಒತ್ತಿದೆ. ಎಡಗೈಯ ಸ್ವರಗಳೆಲ್ಲ ಒಮ್ಮೆಲೇ ತುಂಬಿಕೊಂಡವು. ಗೆಳೆಯ, "ಏನೋ ಮಾಡಿದೆ?" ಅಂದ. ಅವನ ನೆತ್ತಿಯ ಮೈಕ್ ವಾದ ಅಲ್ಲಿಗೆ ಮುಗಿಯಿತು.

ಒಂದು ಟೇಕ್ ಚೆನ್ನಾಗಿ ಬಂತು. ಕೊನೆಯ ಸ್ವರ ಪೂರ್ತಿ ಅಡಗುವ ತನಕ ಯಾರೂ ಅಲುಗಾಡಬಾರದು ಅಂತ ಮೊದಲೇ ಹೇಳಿದ್ದೆ. ಅಡಗುವ ಮುಂಚೆಯೇ ಅಡುಗೆಮನೆಯಿಂದ ಅವರಮ್ಮ ಕೇಳಿದರು, "ಆಯ್ತೇನಪ್ಪಾ? ಫ್ರಿಜ್ ಹಾಕ್ಲಾ? ಹಾಲು ಕೆಡತ್ತೆ."

"ಇನ್ನೊಂದೇ ಸಲ ಅಮ್ಮಾ" ಅಂದೆ.