‘ಅಂತ’ದ ಪೇಚಾಟ

ಗುರುವಾರ, 12 ಜೂನ್ 2025
ಬಸವನಗುಡಿ

ಮಳೆ ಹನಿಯೋ ಹೊತ್ತಿಗೆ ಕೆಳಗಿನ ಮನೆ ಹುಡುಗಿ ಲ್ಯಾಪ್‌ಟಾಪ್ ತೆರೆದುಕೊಂಡೇ ಮೆಟ್ಟಿಲು ಹತ್ತಿ ಬಂದಳು. “ಆಂಟಿ, ಇದರಲ್ಲಿ ಏನ್ ತಪ್ಪಿದೆ?” ಸೋಮವಾರ ಆಫೀಸಿಗೆ ಕಳಿಸಿದ ಮೇಲ್. “ದ ಕ್ಲೈಂಟ್ ಟೋಲ್ಡ್ ದಟ್ ಐ ವಿಲ್ ಸೆಂಡ್ ದ ಫೈಲ್ ಟುಮಾರೋ.” ಓದಿದವರು ಫೈಲ್ ಇವಳೇ ಕಳಿಸ್ತಾಳೆ ಅಂತ ಕಾದರು, ಇವಳು ಕ್ಲೈಂಟ್ ಕಳಿಸ್ತಾನೆ ಅಂತ ಕಾದಳು. ಇವತ್ತು ಬೈಗುಳ.

ಅವಳ ತಲೆಯಲ್ಲಿದ್ದದ್ದು ಶುದ್ಧ ಕನ್ನಡ: “ನಾಳೆ ಕಳಿಸ್ತೀನಿ ಅಂತ ಕ್ಲೈಂಟ್ ಹೇಳಿದ.” ನಮಗೆ ಹೇಳಿದವನ ಮಾತನ್ನ ಹಾಗ್ಹಾಗೇ ಎತ್ತಿ ತಂದು ಹಿಂದೆ ಒಂದು ‘ಅಂತ’ ಅಂಟಿಸಿದರೆ ಮುಗೀತು. ಇಂಗ್ಲಿಷಿನ ‘ದಟ್’ ನೋಡೋಕೆ ‘ಅಂತ’ದ ಹಾಗಿದ್ದರೂ ಆ ಸವಲತ್ತು ಕೊಡಲ್ಲ. ಅದು ಬಂತು ಅಂದರೆ ಬಾಯಿ ವರದಿ ಮಾಡೋರದ್ದು. ‘ಐ’ ಅಂದರೆ ಮೇಲ್ ಬರೆದವಳೇ. ‘ಟುಮಾರೋ’ ಇನ್ನೊಂದು ತರಲೆ, ಮೇಲ್ ತೆರೆದ ದಿನದಿಂದ ಎಣಿಸೋರೂ ಇರ್ತಾರೆ.

“ದ ಕ್ಲೈಂಟ್ ಸೆಡ್ ಹಿ ವುಡ್ ಸೆಂಡ್ ದ ಫೈಲ್ ಆನ್ ಟ್ಯೂಸ್ಡೇ.” ‘ಐ’ ಹೋಗಿ ‘ಹಿ’, ‘ವಿಲ್’ ಹೋಗಿ ‘ವುಡ್’. ಪಠ್ಯಪುಸ್ತಕ ‘ದ ನೆಕ್ಸ್ಟ್ ಡೇ’ ಅನ್ನುತ್ತೆ, ಆಫೀಸಿಗೆ ವಾರದ ಹೆಸರೇ ವಾಸಿ. ‘ಟೋಲ್ಡ್’ ಬೇಕೇ ಬೇಕು ಅಂದರೆ ಯಾರಿಗೆ ಅನ್ನೋದೂ ಬೇಕು: ‘ಟೋಲ್ಡ್ ಮಿ’. ಕಾಲ ಹಿಂದೆ ಸರಿಸೋದು ಮಾತ್ರ ಯಾವಾಗಲೂ ಕಡ್ಡಾಯ ಅಲ್ಲ. ಈಗಲೂ ನಿಜವಾಗಿದ್ದರೆ “ಹಿ ಸೆಡ್ ಹಿಸ್ ಆಫೀಸ್ ಈಸ್ ಇನ್ ಜಯನಗರ” ಅಂದರೂ ನಡೆಯುತ್ತೆ. ಪರೀಕ್ಷೆಯಲ್ಲಿ ‘ವಾಸ್’ ಬರೆದುಬಿಡಿ, ಜಗಳ ಬೇಡ.

ಪ್ರಶ್ನೆಗಳಲ್ಲೂ ‘ಅಂತ’ದ್ದೇ ಕಾಟ. “ಫೈಲ್ ಬಂತಾ ಅಂತ ಕೇಳಿದ್ರು” ಅನ್ನೋದಕ್ಕೆ ‘ಆಸ್ಕ್ಡ್ ದಟ್’ ಬರೆದಿದ್ದಾಳೆ. ‘ಬಂತಾ’ದ ಬಾಲದಲ್ಲಿರೋ ‘ಆ’ ಇದೆಯಲ್ಲ, ಅದೇ ಇಂಗ್ಲಿಷಿನಲ್ಲಿ ‘ಇಫ್’: “ಹಿ ಆಸ್ಕ್ಡ್ ಇಫ್ ದ ಫೈಲ್ ಹ್ಯಾಡ್ ಕಮ್.” ಎಲ್ಲಿ, ಯಾವಾಗ ಇದ್ದರೆ ‘ಇಫ್’ ಬೇಡ, ಆದರೆ ಪ್ರಶ್ನೆಯ ತಿರುವುಮುರುವು ಬಿಡಬೇಕು: ‘ವೇರ್ ಐ ವಾಸ್’.

ಕರೆಂಟ್ ಹೋಯ್ತು. ಈ ಏರಿಯಾದಲ್ಲಿ ನಾಲ್ಕು ಹನಿ ಬಿದ್ದರೆ ಸಾಕು.

ಕತ್ತಲಲ್ಲಿ ಅವಳೇ, “ಐ ವಿಶ್ ಐ ಆಸ್ಕ್ಡ್ ಯು ಆನ್ ಮಂಡೇ.” ಪಾಪ, ಅದಕ್ಕೂ ತಿದ್ದುಪಡಿ. ಕಳೆದದ್ದಕ್ಕೆ ಹಳಹಳಿಸೋದಾದರೆ ‘ಹ್ಯಾಡ್ ಆಸ್ಕ್ಡ್’. ಬರೀ ಪಾಸ್ಟ್ ಈಗಿನ ಕೊರಗಿಗೆ: “ಐ ವಿಶ್ ಐ ಹ್ಯಾಡ್ ಎ ಕಾರ್.”

“ಈಗಿನದಕ್ಕೆ ಯಾಕೆ ಪಾಸ್ಟ್?”

“‘ನಾಳೆ ಮಳೆ ಬಂದರೆ’ ಅಂತೀಯಲ್ಲ. ‘ಬಂದ’ ಯಾವ ಕಾಲ?”

ಸುಮ್ಮನಾದಳು. ಹೋದ, ಹೋದರೆ. ಮಾಡಿದ, ಮಾಡಿದರೆ. ನಡೆಯದ್ದನ್ನ ಹೇಳೋಕೆ ನಾವೂ ಭೂತರೂಪವನ್ನೇ ಹಿಡಿಯೋದು. ಕೈ ಮೀರಿದ್ದಾದರೆ ಇನ್ನೊಂದು ಪದರ ಹಚ್ಚುತ್ತೇವೆ: ಕೇಳಿದರೆ, ಕೇಳಿದ್ದರೆ. ಆ ಪದರವೇ ಅವರ ‘ಹ್ಯಾಡ್’. ಇದನ್ನ ಕ್ಲಾಸಲ್ಲಿ ಯಾಕೆ ಹೇಳಿಕೊಡಲ್ಲವೋ.

“ಐ ವಿಶ್ ದ ರೇನ್ ವುಡ್ ಸ್ಟಾಪ್” ಸರಿ, ಮಳೆ ನಮ್ಮ ಮಾತು ಕೇಳಲ್ಲ. ತನ್ನ ಬಗ್ಗೆಯೇ ‘ಐ ವಿಶ್ ಐ ವುಡ್’ ಸಲ್ಲದು, ಅಲ್ಲಿ ‘ಕುಡ್’. ಆಗಬಹುದಾದದ್ದಕ್ಕೆ ‘ಹೋಪ್’.

ಇನ್ನೊಬ್ಬರ ಮಾತಿನ ವರದಿ, ‘ವಿಶ್’ ಎರಡೂ ಸೇರಿದಾಗ ಎಲ್ಲರೂ ಎಡವುತ್ತಾರೆ. ಕಾರಿನ ಆಸೆಯನ್ನ ವರದಿ ಮಾಡಿದರೆ “ಶಿ ಸೆಡ್ ಶಿ ವಿಶ್ಡ್ ಶಿ ಹ್ಯಾಡ್ ಎ ಕಾರ್.” ‘ವಿಶ್’ ಮಾತ್ರ ಹಿಂದೆ ಸರೀತು, ಒಳಗಿನ ‘ಹ್ಯಾಡ್’ ಕದಲಲಿಲ್ಲ. ‘ಹ್ಯಾಡ್ ಹ್ಯಾಡ್’ ಮಾಡಿದರೆ ಆಸೆಯೇ ಹಳೇದಾಗುತ್ತೆ.

ಹೋಗುವಾಗ, ವರದಿ ಮಾಡಿದರೆ ‘ಮಸ್ಟ್’ ಏನಾಗುತ್ತೆ ಅಂತ ಕೇಳಿದಳು. ಕಟ್ಟುಪಾಡಿನ ‘ಮಸ್ಟ್’ ಸಾಮಾನ್ಯವಾಗಿ ‘ಹ್ಯಾಡ್ ಟು’ ಆಗುತ್ತೆ, ಊಹೆಯದ್ದು ಹಾಗೇ ಉಳಿಯುತ್ತೆ. ‘ಮೇ’ ಇದ್ದದ್ದು ‘ಮೈಟ್’. ಆದರೆ ‘ಶುಡ್’ ಇದೆಯಲ್ಲ, ಅದು…