ಮೊಟ್ಟೆ ಮೇಲಿನ ಪೆನ್ಸಿಲ್ ಗುರುತು

ಹೋದ ತಿಂಗ್ಳು ನಮ್ಮ ಜೂವಾಲಜಿ ಮೇಷ್ಟ್ರು ತೀರ್ಕೊಂಡ್ರು ಅಂತ ಬ್ಯಾಚ್ ಗ್ರೂಪಲ್ಲಿ ಮೆಸೇಜ್ ಬಂತು, ಅವತ್ತಿಂದ ಆ ಲ್ಯಾಬಿನ ಫಾರ್ಮಲಿನ್ ವಾಸ್ನೆ ಮೂಗಲ್ಲೇ ಇದೆ. ಬಿಎಸ್ಸಿ ಸಿಲಬಸ್ ಒಂದಕ್ಷರ ನೆನಪಿಲ್ಲ, ಮೊಟ್ಟೆ ಪ್ರಸಂಗ ಮಾತ್ರ ನಿನ್ನೆ ಮೊನ್ನೆ ನಡೆದಂಗಿದೆ.

1999ರಲ್ಲಿ. ಇನ್‌ಕ್ಯುಬೇಟರಲ್ಲಿದ್ದ ಕೋಳಿಮೊಟ್ಟೆ ಮೇಲೆ ಸರ್ ಪೆನ್ಸಿಲಲ್ಲಿ 33, 48, 72 ಗಂಟೆ ಅಂತ ಒಳಗಿನ ಭ್ರೂಣದ ವಯಸ್ಸು ಗುರುತು ಹಾಕಿದ್ರು. ಪ್ರಾಕ್ಟಿಕಲ್ಸ್ ಹಿಂದಿನ ಸಂಜೆ ನಾವು ನಾಲ್ಕು ಜನ ರಬ್ಬರ್ ತಗೊಂಡು ಎಲ್ಲಾನೂ ಉಜ್ಜಿಬಿಟ್ವಿ. ಬೆಳಿಗ್ಗೆ ಸರ್ ಬೈಲೇ ಇಲ್ಲ, ಒಂದೊಂದೇ ಮೊಟ್ಟೆ ಒಡ್ದು ಬೆಚ್ಚಗಿನ ಉಪ್ಪುನೀರಿಗೆ ಬಿಟ್ಟು, ಲೆನ್ಸ್ ಹಿಡ್ದು, ಭ್ರೂಣದ ಬೆನ್ನುದ್ದಕ್ಕೂ ಇರೋ ಸೋಮೈಟ್ ಅನ್ನೋ ಪುಟ್ಟ ಗಂಟುಗಳ ಜೋಡಿ ಎಣಿಸಿ "ಇದು 33, ಇದು 48" ಅಂತ ಹೇಳ್ತಾ ಹೋದ್ರು. "ವಯಸ್ಸು ಚಿಪ್ಪಿನ ಮೇಲಿಲ್ಲ ಕಣ್ರೋ, ಒಳಗಿದೆ" ಅಂದ್ರು ಅಷ್ಟೇ.

ಭ್ರೂಣದಲ್ಲಿ ಕಿಡ್ನಿ ಹೆಂಗೆ ಬೆಳೆಯುತ್ತೆ ಅನ್ನೋ ಪಾಠಾನೂ ಹಂಗೇ. ನೀಲಿ ಚಾಕಲ್ಲಿ ಒಂದು ಮೊಗ್ಗು, ಅದೇ ಯುರೆಟರಿಕ್ ಬಡ್, ಮುಂದೆ ಮೂತ್ರನಾಳ ಆಗೋದು, ಸುತ್ತ ಕೆಂಪು ಚುಕ್ಕೆಗಳು, ಅವು ಮೀಸೆನ್‌ಕೈಮ್ ಅನ್ನೋ ಇನ್ನೂ ರೂಪ ತಾಳದ ಕೋಶಗಳು. ಚುಕ್ಕೆಗಳು ಜಿಡಿಎನ್ಎಫ್ ಅಂತ ಪ್ರೋಟೀನ್ ಬಿಡ್ತವೆ, ಮೊಗ್ಗಿನ ಮೈಮೇಲಿರೋ ರೆಟ್ ರಿಸೆಪ್ಟರ್ ಅದನ್ನ ಹಿಡಿಯುತ್ತೆ, ಮೊಗ್ಗು ಕವಲೊಡೆಯುತ್ತೆ. ಜಿಡಿಎನ್ಎಫ್ ಇಲ್ದಿರೋ ಇಲಿಮರಿಗೆ ಕಿಡ್ನಿನೇ ಇರಲ್ಲ ಅನ್ನೋದು 1996ರಲ್ಲಷ್ಟೇ ಬಂದಿದ್ದ ಸುದ್ದಿ, ನಮ್ಮಂಥ ತಾಲ್ಲೂಕು ಕಾಲೇಜಿಗೆ ಅದನ್ನ ತಂದೋರು ಅವರು. ಆಮೇಲೆ ನೀಲಿ ಮೊಗ್ಗನ್ನ ಅಂಗೈಲಿ ಒರೆಸಿದ್ರು. "ಈಗ ಚುಕ್ಕೆಗಳ ಗತಿ?" ನಾವ್ಯಾರೂ ಮಾತಾಡ್ಲಿಲ್ಲ. ಒಂದೊಂದೇ ಚುಕ್ಕೆನೂ ಅಳಿಸ್ತಾ ಬಂದ್ರು, ಮೊಗ್ಗಿನ ಸಂದೇಶ ಇಲ್ದೆ ಅವೂ ಸಾಯ್ತವೆ ಅಂತ. ಆ ಖಾಲಿ ಬೋರ್ಡ್ ಇವತ್ತಿಗೂ ಕಣ್ಮುಂದೆ ಇದೆ.

ಮೊಗ್ಗಿನ ಸಂದೇಶಗಳಲ್ಲಿ ಮುಖ್ಯವಾದದ್ದು ವಿಂಟ್-9ಬಿ ಅನ್ನೋ ಪ್ರೋಟೀನ್ ಅಂತ 2005ರಲ್ಲಿ ಗೊತ್ತಾಯ್ತು. ಅದು ಸಿಕ್ಕಿದ ಕೋಶಗಳು ಗುಂಪುಗೂಡಿ ತಾವೇ ವಿಂಟ್-4 ಅನ್ನೋ ಇನ್ನೊಂದು ಪ್ರೋಟೀನ್ ಮಾಡ್ಕೊಂಡು, ಗುಂಡಗಾಗಿ, ಕಾಮಾ ಆಕಾರಕ್ಕೆ ಬಾಗಿ, ಆಮೇಲೆ ಎಸ್ ಆಕಾರಕ್ಕೆ ತಿರುಗಿ ಟ್ಯೂಬ್ಯೂಲ್, ಅಂದ್ರೆ ಕಿಡ್ನಿಯೊಳಗಿನ ಸಣ್ಣ ನಳಿಗೆ ಆಗ್ತವೆ. ಇದೇ ವಿಷಯದಲ್ಲಿ ನಾನು ಪಿಎಚ್‌ಡಿ ಮಾಡ್ದೆ, ನಮ್ಮ ಬ್ಯಾಚಲ್ಲಿ ರಿಸರ್ಚಿಗೆ ಹೋದೋರಲ್ಲಿ ನಾನೇ ಮೊದಲು, ಹೇಳ್ಕೊಳ್ಳೋಕೆ ಹೆಮ್ಮೆ ಇದೆ. ಈಗಿನ ಮಕ್ಕಳಿಗೆ ಇದೆಲ್ಲ ಪಿಪಿಟಿಲಿ ಬರೋ ಬಾಣದ ಗುರುತು, ಒಂದು ಮಾರ್ಕಿನ ಪ್ರಶ್ನೆ. ಬೋರ್ಡ್ ಮುಂದೆ ಸುಮ್ನೆ ಕೂತು ಯೋಚಿಸೋಕೆ ಅವರಿಗ್ಯಾರೂ ಟೈಮ್ ಕೊಡ್ತಿಲ್ಲ, ಬೇಜಾರಾಗುತ್ತೆ.

ಕಡೇ ಸಲ ಸರ್ ಮನೆಗೆ ಹೋದಾಗ ಇಲಿ ಭ್ರೂಣದ ಕಿಡ್ನಿ ಸೆಕ್ಷನ್ ಫೋಟೋ ಫೋನಲ್ಲಿ ತೋರ್ಸಿದ್ದೆ. ಕನ್ನಡಕ ತೆಗೆದು ಹತ್ರ ಹಿಡ್ದು, ಕಾಮಾಗಳನ್ನ ಬೆರಳಲ್ಲಿ ಎಣಿಸಿ, "ಹದಿಮೂರನೇ ದಿನದ್ದಾ?" ಅಂದ್ರು.

ಫೋಟೋಗೆ ನಾನು ಲೇಬಲ್ ಹಾಕಿರ್ಲಿಲ್ಲ.