ಮೀಟರ್ ಬಿಡಿ, ತಕ್ಕಡಿ ತನ್ನಿ

ನನ್ನ ಕಾರಿಗೆ ವಯಸ್ಸಾಗಿದೆ. ಬಾಗಿಲು ಹಾಕಿದರೆ ತಗಡಿನ ಸದ್ದು, ಸೀಟಿನ ಬಟ್ಟೆಯೆಲ್ಲ ಸವೆದಿದೆ. ಎಸಿ ಮಾತ್ರ ಗಟ್ಟಿ. ಅದರ ಗ್ಯಾಸ್ ನಾನೇ ಮನೆಯಲ್ಲಿ ತುಂಬಿದ್ದು. ವಿಷಯ ಗೊತ್ತಾದವರೆಲ್ಲ ಮೊದಲು ಕೇಳುವುದು, "ಪ್ರೆಶರ್ ಎಷ್ಟಿಟ್ಟೆ?" ಅಂತ. ಎಷ್ಟು ಗ್ರಾಂ ಹಾಕಿದೆ ಅಂತ ಯಾರೂ ಕೇಳುವುದಿಲ್ಲ. ಕೇಳಬೇಕಾದದ್ದು ಅದೇ.

ಎಸಿ ಗ್ಯಾಸ್ ಪೆಟ್ರೋಲಿನ ಹಾಗೆ ಉರಿದು ಖಾಲಿಯಾಗುವ ವಸ್ತುವಲ್ಲ. ಅದೇ ಗ್ಯಾಸ್ ಸುತ್ತಿ ಸುತ್ತಿ ಬರುತ್ತಿರುತ್ತದೆ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರಿದೆ ಅಂತಲೇ ಅರ್ಥ. ಹಳೆ ಕಾರಿನಲ್ಲಿ ರಬ್ಬರ್ ಪೈಪಿನಿಂದ, ಕಂಪ್ರೆಸರ್ (ಗ್ಯಾಸನ್ನು ಒತ್ತಿ ತಳ್ಳುವ ಪಂಪ್) ಶಾಫ್ಟಿನ ಸೀಲಿನಿಂದ ವರ್ಷಕ್ಕೆ ಸ್ವಲ್ಪ ಸ್ವಲ್ಪ ಹೋಗುವುದು ಮಾಮೂಲು. ಹೋದ ವರ್ಷ ತುಂಬಿಸಿ ಈ ವರ್ಷ ಮತ್ತೆ ತುಂಬಿಸುವ ಹಾಗಾದರೆ ಅದು ಮಾಮೂಲಲ್ಲ.

ನನ್ನ ಕಾರು ಮೊದಲು ಸದ್ದಿನಲ್ಲೇ ಸುಳಿವು ಕೊಟ್ಟಿತು. ಎಸಿ ಹಾಕಿದರೆ ಕಂಪ್ರೆಸರ್ ಕ್ಲಚ್ 'ಟಕ್' ಅಂತ ಹಿಡಿಯುತ್ತಿತ್ತು, ಕೆಲವೇ ಸೆಕೆಂಡಿಗೆ ಮತ್ತೆ 'ಟಕ್' ಅಂತ ಬಿಡುತ್ತಿತ್ತು. ಗ್ಯಾಸ್ ಕಡಿಮೆಯಿದ್ದರೆ ಲೋ ಸೈಡ್, ಅಂದರೆ ಕಂಪ್ರೆಸರಿಗೆ ಗ್ಯಾಸ್ ವಾಪಸ್ ಬರುವ ಕಡೆಯ ಒತ್ತಡ ಬೇಗ ಇಳಿಯುತ್ತದೆ. ಆಗ ಪ್ರೆಶರ್ ಸ್ವಿಚ್ ಕಂಪ್ರೆಸರನ್ನು ನಿಲ್ಲಿಸುತ್ತದೆ. ಒತ್ತಡ ಏರಿದ ಮೇಲೆ ಮತ್ತೆ ಓಡಲು ಬಿಡುತ್ತದೆ. ಬಾನೆಟ್ ತೆಗೆದು ಸುಮ್ನೆ ನಿಂತು ಕೇಳಿದರೂ ಸಾಕು, ಗೊತ್ತಾಗುತ್ತದೆ. ಹಾಗಂತ ತಣ್ಣಗಿಲ್ಲದ್ದಕ್ಕೆಲ್ಲ ಗ್ಯಾಸೇ ಕಾರಣ ಅಲ್ಲ. ಕಂಡೆನ್ಸರ್ (ಬಿಸಿ ಗ್ಯಾಸನ್ನು ತಣಿಸಿ ದ್ರವ ಮಾಡುವ ಜಾಲರಿ) ಫ್ಯಾನ್ ತಿರುಗುತ್ತಿದೆಯಾ, ಕ್ಯಾಬಿನ್ ಫಿಲ್ಟರ್ ಕಟ್ಟಿಕೊಂಡಿದೆಯಾ, ಇದನ್ನು ಮೊದಲು ನೋಡಿ. ದುಡ್ಡು ಖರ್ಚಿಲ್ಲದ ಕೆಲಸ.

ಸೋರಿಕೆ ಹುಡುಕುವುದಕ್ಕೆ ಸೋಪಿನ ನೀರು ಸಾಕಾಯಿತು. ಎಸಿ ಪೈಪಿನ ಸರ್ವಿಸ್ ಪೋರ್ಟಿನ (ಗ್ಯಾಸ್ ತುಂಬುವ ಬಾಯಿ) ಮುಚ್ಚಳ ಬಿಚ್ಚಿ, ಒಳಗಿನ ವಾಲ್ವ್ ಮೇಲೆ ಬ್ರಶ್ಶಿನಿಂದ ನೊರೆ ಹಚ್ಚಿದೆ. ಮೊದಲು ಏನೂ ಇಲ್ಲ. ಬಿಡದೆ ನೋಡುತ್ತಾ ಇದ್ದರೆ ಸಾಸಿವೆ ಕಾಳಿನಷ್ಟು ಒಂದು ಗುಳ್ಳೆ ನಿಧಾನವಾಗಿ ಉಬ್ಬಿತು, ಒಡೆಯಿತು, ಅದೇ ಜಾಗದಲ್ಲಿ ಇನ್ನೊಂದು ಎದ್ದಿತು. ಟೈರಿನ ವಾಲ್ವಿನಂಥದ್ದೇ ಸಣ್ಣ ವಾಲ್ವ್ ಅದು. ರಬ್ಬರ್ ಗಟ್ಟಿಯಾಗಿ ಹೋಗಿತ್ತು. ಪೈಪ್ ಜಾಯಿಂಟುಗಳ ಸುತ್ತ ಎಣ್ಣೆ ಜಿಡ್ಡಿಗೆ ಧೂಳು ಅಂಟಿ ಕಪ್ಪಾಗಿದ್ದರೆ ಅಲ್ಲೂ ಅನುಮಾನ ಪಡಬೇಕು. ಗ್ಯಾಸ್ ಜೊತೆ ಕಂಪ್ರೆಸರ್ ಎಣ್ಣೆಯೂ ಹೊರಗೆ ಬರುತ್ತದಲ್ವಾ, ಹಾಗಾಗಿ.

ಸೋರಿಕೆ ಮುಚ್ಚುವ ದ್ರಾವಣ ಬೆರೆಸಿದ ಗ್ಯಾಸ್ ಡಬ್ಬಿಗಳೂ ಸಿಗುತ್ತವೆ. ನಾನಂತೂ ಮುಟ್ಟುವುದಿಲ್ಲ. ಅದು ಮುಂದೆ ಯಾವುದೋ ಗ್ಯಾರೇಜಿನ ಗ್ಯಾಸ್ ತೆಗೆಯುವ ಮಷಿನ್ನೊಳಗೆ ಹೋಗಿ ಕಟ್ಟಿಕೊಳ್ಳುತ್ತದೆ. ಬಹಳ ಗ್ಯಾರೇಜುಗಳು ಅಂಥ ಕಾರನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ.

ಒಳಗೆ ಯಾವ ಗ್ಯಾಸ್ ಇದೆ ಅಂತ ಬಾನೆಟ್ ಕೆಳಗಿನ ಸ್ಟಿಕ್ಕರ್ ಹೇಳುತ್ತದೆ. 1990ರ ದಶಕದ ಆರಂಭದವರೆಗಿನ ಕಾರುಗಳಲ್ಲಿ ಇದ್ದದ್ದು ಆರ್-12. ಓಜೋನ್ ಪದರಕ್ಕೆ ಹಾನಿ ಅಂತ 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಅದನ್ನು ಬಿಡುತ್ತಾ ಬಂದರು. ಆಮೇಲೆ ಬಂದದ್ದು ಆರ್-134ಎ. ನನ್ನ ಕಾರಿನಲ್ಲಿರುವುದೂ ಅದೇ. ಹೊಸ ಕಾರುಗಳಲ್ಲಿ ಹಲವಕ್ಕೆ ಆರ್-1234ವೈಎಫ್ ಇರುತ್ತದೆ. ಒಂದರ ಎಣ್ಣೆ ಇನ್ನೊಂದಕ್ಕೆ ಹೊಂದುತ್ತದೆ ಅಂತಿಲ್ಲ, ಬೆರಕೆ ಮಾಡಬೇಡಿ. ಆರ್-134ಎ ಓಜೋನಿಗೆ ತೊಂದರೆ ಕೊಡದಿದ್ದರೂ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ 1,000 ಪಟ್ಟಿಗೂ ಜಾಸ್ತಿ ಜೋರು. ಹಾಗಾಗಿ ಉಳಿದಿದ್ದ ಗ್ಯಾಸನ್ನು ಗಾಳಿಗೆ ಬಿಡದೆ, ಗ್ಯಾರೇಜಿನಲ್ಲಿ ಮಷಿನ್ ಹಾಕಿಸಿ ಹೊರಗೆ ತೆಗೆಸಿದೆ. ಆಮೇಲೆ ಮನೆಯಲ್ಲಿ ಆ ವಾಲ್ವ್, ಜಾಯಿಂಟಿನ ಕೆಲವು ಓ-ರಿಂಗುಗಳು (ರಬ್ಬರ್ ಉಂಗುರ), ತೇವ ಹೀರುವ ಡ್ರೈಯರ್, ಇಷ್ಟನ್ನು ಬದಲಿಸಿದೆ.

ಇನ್ನು ವ್ಯಾಕ್ಯೂಮ್, ಅಂದರೆ ಒಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಎಳೆದು ತೆಗೆಯುವುದು. ಇದನ್ನು ಬಿಟ್ಟವರು ಬಹಳ ಜನ. ಪೈಪ್ ಬಿಚ್ಚಿದಾಗ ಒಳಗೆ ಗಾಳಿ, ತೇವ ಎರಡೂ ಸೇರುತ್ತವೆ. ಗಾಳಿ ಕಂಡೆನ್ಸರಿನಲ್ಲಿ ದ್ರವವಾಗುವುದಿಲ್ಲ, ಸುಮ್ನೆ ಒತ್ತಡ ಏರಿಸುತ್ತದೆ. ತೇವ ಇದ್ದರೆ ಆಮ್ಲವಾಗಿ ಒಳಗಿನ ಲೋಹವನ್ನು ತಿನ್ನುತ್ತದೆ. ಪಂಪ್ ಹಾಕಿ ಒತ್ತಡವನ್ನು ಪೂರ್ತಿ ಇಳಿಸಿದರೆ ನೀರು ಮಾಮೂಲಿ ಬಿಸಿಲಿಗೇ ಕುದಿದು ಆವಿಯಾಗಿ ಹೊರಗೆ ಹೋಗುತ್ತದೆ. ಅರ್ಧ ಗಂಟೆಗೆ ಕಡಿಮೆಯಿಲ್ಲದೆ ಓಡಿಸಿ, ವಾಲ್ವ್ ಮುಚ್ಚಿ, ಪಂಪ್ ನಿಲ್ಲಿಸಿ, ಕಾದು ನೋಡಿದೆ. ಮುಳ್ಳು ಅಲ್ಲಾಡದಿದ್ದರೆ ಮುಂದಿನ ಕೆಲಸ. ವ್ಯಾಕ್ಯೂಮ್ ಮೀಟರ್ 29 ಇಂಚು (ಪಾದರಸದ ಲೆಕ್ಕ) ತೋರಿಸಲೇಬೇಕು ಅಂತ ಹಟ ಬೇಡ. ಸಮುದ್ರ ಮಟ್ಟದಿಂದ ಪ್ರತಿ 300 ಮೀಟರ್ ಮೇಲಕ್ಕೆ ಸುಮಾರು ಒಂದು ಇಂಚು ಕಡಿಮೆಯೇ ತೋರಿಸುತ್ತದೆ.

ಈಗ ತಕ್ಕಡಿಗೆ ಬರೋಣ. ಡಬ್ಬಿಯ ಜೊತೆ ಬರುವ ಪೈಪಿಗೆ ಹಸಿರು, ಹಳದಿ, ಕೆಂಪು ಬಣ್ಣದ ಮೀಟರ್ ಇರುತ್ತದೆ. 'ಹಸಿರಿಗೆ ಬಂತು, ಸಾಕು' ಅಂದುಕೊಳ್ಳುತ್ತಾರೆ. ಆದರೆ ಎಂಜಿನ್ ನಿಂತಿದ್ದಾಗ, 30 ಡಿಗ್ರಿ ಬಿಸಿಯಲ್ಲಿ, ಒಳಗೆ ಸ್ವಲ್ಪ ದ್ರವ ಇದ್ದರೂ ಪ್ರೆಶರ್ ಸುಮಾರು 97 ಪಿಎಸ್‌ಐ. ಪೂರ್ತಿ ತುಂಬಿದ್ದರೂ ಅಷ್ಟೇ. ಎಂಜಿನ್ ಓಡುವಾಗಿನ ಒತ್ತಡವೂ ಹೊರಗಿನ ಬಿಸಿಲು, ಫ್ಯಾನ್ ವೇಗ ಎಲ್ಲದರ ಮೇಲೆ ಏರಿಳಿಯುತ್ತದೆ. ನನ್ನ ಸ್ಟಿಕ್ಕರಿನಲ್ಲಿ ಬರೆದದ್ದು 550 ಗ್ರಾಂ. ಜಾಸ್ತಿ ಹಾಕಿದರೆ ಜಾಸ್ತಿ ತಣ್ಣಗಾಗುವುದಿಲ್ಲ. ಹೈ ಸೈಡ್ (ಕಂಪ್ರೆಸರಿನಿಂದ ಗ್ಯಾಸ್ ಹೊರಡುವ ಕಡೆ) ಒತ್ತಡ ಏರಿ ತಂಪು ಕಡಿಮೆಯಾಗುತ್ತದೆ, ಕಂಪ್ರೆಸರಿಗೂ ಪೆಟ್ಟು.

ಅಡುಗೆ ಮನೆಯ ಡಿಜಿಟಲ್ ತಕ್ಕಡಿ ತಂದೆ. ಒಂದು ಬೋಗುಣಿಯಲ್ಲಿ ಉಗುರು ಬೆಚ್ಚಗಿನ ನೀರು ಹಾಕಿ, ಡಬ್ಬಿಯನ್ನು ಅದರಲ್ಲಿ ನೇರವಾಗಿ ನಿಲ್ಲಿಸಿ, ಬೋಗುಣಿ ಸಮೇತ ತೂಕಕ್ಕಿಟ್ಟೆ. ಗ್ಯಾಸ್ ಹೋಗುತ್ತಾ ಹೋಗುತ್ತಾ ಡಬ್ಬಿ ಹಿಮದಂತೆ ತಣ್ಣಗಾಗಿ ಹರಿವು ನಿಧಾನವಾಗುತ್ತದೆ, ನೀರು ಅದಕ್ಕೆ. ಕುದಿಯುವ ನೀರು ಮಾತ್ರ ಬೇಡವೇ ಬೇಡ, ಡಬ್ಬಿ ಸಿಡಿಯುತ್ತದೆ. ಪೈಪ್ ಎಳೆದುಕೊಂಡಿದ್ದರೆ ತಕ್ಕಡಿ ಸುಳ್ಳು ಹೇಳುತ್ತದೆ. ಬಾನೆಟ್ ಕಡ್ಡಿಗೆ ಪೈಪ್ ಸಡಿಲವಾಗಿ ಕಟ್ಟಿದ ಮೇಲೆ ಅಂಕೆ ಸರಿಯಾಗಿ ನಿಂತಿತು. ಪೈಪಿನೊಳಗಿನ ಗಾಳಿಯನ್ನು ಸ್ವಲ್ಪ ಗ್ಯಾಸಿನಿಂದ ಹೊರಗೆ ತಳ್ಳಿಯೇ ತೂಕ ಎಣಿಸಲು ಶುರು ಮಾಡಿದೆ.

ವ್ಯಾಕ್ಯೂಮ್ ಇರುವುದರಿಂದ ಮೊದಲ ಪಾಲು ತಾನೇ ಒಳಗೆ ಎಳೆದುಕೊಳ್ಳುತ್ತದೆ. ನಿಂತ ಮೇಲೆ ಎಂಜಿನ್ ಹಾಕಿ, ಎಸಿ ಫುಲ್, ಫ್ಯಾನ್ ಫುಲ್. ತುಂಬುವುದು ಲೋ ಸೈಡಿನಿಂದ ಮಾತ್ರ. ಎಂಜಿನ್ ಓಡುವಾಗ ಹೈ ಸೈಡ್ ತೆರೆದರೆ ಒತ್ತಡ ಉಲ್ಟಾ ಡಬ್ಬಿಗೇ ಬರುತ್ತದೆ. ಡಬ್ಬಿ ತಲೆಕೆಳಗಾದರೆ ದ್ರವ ಹೋಗಿ ಕಂಪ್ರೆಸರ್ ಕೆಡುತ್ತದೆ. ಕನ್ನಡಕ, ಗ್ಲೌಸ್ ಇರಲಿ. ಈ ಗ್ಯಾಸ್ ಕುದಿಯುವುದು ಮೈನಸ್ 26 ಡಿಗ್ರಿಯಲ್ಲಿ, ಕಣ್ಣಿಗೆ ಹಾರಿದರೆ ಕಣ್ಣೇ ಹೋಗಬಹುದು.

ಕೊನೆಯ 100 ಗ್ರಾಂ ಬಹಳ ನಿಧಾನ. ದಪ್ಪ ಪೈಪ್ ಬೆವರಲು ಶುರುವಾಯಿತು, ಕ್ಲಚ್ ಹಿಡಿದೇ ಇತ್ತು. ಗಾಳಿ ಬರುವ ಕಿಂಡಿಗೆ ಥರ್ಮಾಮೀಟರ್ ಸಿಕ್ಕಿಸಿದರೆ 7 ಡಿಗ್ರಿ. ಡಬ್ಬಿಗಳಿಂದ ಇಳಿದ ತೂಕ ಒಟ್ಟು 550 ಗ್ರಾಂ ಮುಟ್ಟಿದ ಕೂಡಲೇ ವಾಲ್ವ್ ಮುಚ್ಚಿದೆ. ಕೊನೆಯ ಡಬ್ಬಿಯಲ್ಲಿ ಇನ್ನೂ ಗ್ಯಾಸ್ ಉಳಿದಿತ್ತು. ಚುಚ್ಚಿ ತೆರೆಯುವ ಡಬ್ಬಿಯಾದ್ದರಿಂದ ಅದರ ಟ್ಯಾಪ್ ಬಿಚ್ಚುವ ಹಾಗಿಲ್ಲ. ಟ್ಯಾಪ್ ಬಿಗಿಯಾಗಿ ಮುಚ್ಚಿ, ಟ್ಯಾಪ್ ಸಮೇತ ತೂಗಿ, ಆ ಅಂಕೆಯನ್ನು ಟೇಪಿನ ಮೇಲೆ ಬರೆದು ಅಂಟಿಸಿ ನೆರಳಿನಲ್ಲಿಟ್ಟಿದ್ದೇನೆ.